ಒಡೆದ ಹಡಗಿಗೊಂದು ಮನೆ

ಆಸ್ಟ್ರೇಲಿಯದ ಪಶ್ಚಿಮ ಕರಾವಳಿಯಲ್ಲಿ ಫ್ರೀಮ್ಯಾಂಟಲ್ ಎಂಬ ರೇವುಪಟ್ಟಣವುಂಟು. ಅಲ್ಲಿ ಕಡಲಿಗೆ ಸಮೀಪವಾಗಿ ಸುಣ್ಣಕಲ್ಲಿನ ದಪ್ಪ ಗೋಡೆಗಳ ಹಳೆಯ ಉಗ್ರಾಣವೊಂದು ನಿಂತಿದೆ. ಬ್ರಿಟಿಷರ ವಸಾಹತಿನ ಕಾಲದಲ್ಲಿ, 1850ರ ದಶಕದಲ್ಲಿ, ಗಡೀಪಾರಾಗಿ ಬಂದ ಕೈದಿಗಳು ಇದನ್ನು ಕಟ್ಟಿದರು. ಸರಕಾರದ ಸಾಮಗ್ರಿಗಳನ್ನಿಡಲು ಕಟ್ಟಿದ ಈ ಮನೆಯು ಈಗ ಒಡೆದ ಹಡಗುಗಳ ವಸ್ತುಸಂಗ್ರಹಾಲಯವಾಗಿದೆ.

ಇಲ್ಲಿರುವವುಗಳಲ್ಲಿ ಮುಖ್ಯವಾದುದು ‘ಬಟೇವಿಯಾ’ ಎಂಬ ಹಡಗಿನ ಹಿಂಭಾಗ. ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಈ ಹಡಗು 1628ನೆಯ ಇಸವಿಯಲ್ಲಿ ಹಾಲೆಂಡಿನಿಂದ ಜಾವಾ ದ್ವೀಪಕ್ಕೆ ಹೊರಟು, 1629ನೆಯ ಜೂನ್ 4ರಂದು ಬೆಳಗಾಗುವ ಮುನ್ನ ಅಬ್ರಾಲ್ಹೋಸ್ ದ್ವೀಪಗಳ ಬಳಿ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ನಾಯಕನಾದ ಪೆಲ್ಸಾರ್ಟನು ಚಿಕ್ಕ ದೋಣಿಯಲ್ಲಿ ಜಾವಾಕ್ಕೆ ಹೋಗಿ ಸಹಾಯವನ್ನು ತರುವಷ್ಟರಲ್ಲಿ, ಕಂಪೆನಿಯ ಅಧಿಕಾರಿಯಾದ ಕಾರ್ನೆಲಿಸನು ದುರಾಶೆಯಿಂದ ಸ್ತ್ರೀಯರು ಮಕ್ಕಳೆನ್ನದೆ ನೂರಕ್ಕಿಂತ ಹೆಚ್ಚು ಜನರನ್ನು ಕೊಲ್ಲಿಸಿದನು. ನೀರು ಹುಡುಕುವ ನೆವದಿಂದ ಇವನು ಬೇರೊಂದು ದ್ವೀಪಕ್ಕೆ ಅಟ್ಟಿದ್ದ ವೀಬೆ ಹೇಯ್ಸ್ ಎಂಬ ಸಾಮಾನ್ಯ ಸಿಪಾಯಿಯಾದರೋ ನೀರನ್ನು ಕಂಡುಕೊಂಡನು. ತಪ್ಪಿಸಿಕೊಂಡು ಬಂದವರಿಗೆ ಆಶ್ರಯವನ್ನಿತ್ತು, ಪೆಲ್ಸಾರ್ಟನು ಮರಳಿ ಬರುವ ತನಕ ಕೊಲೆಗಾರರನ್ನು ಎದುರಿಸಿ ನಿಂತನು. ಅವನ ಸಂಗಡಿಗರು ಕಟ್ಟಿದ ಕಲ್ಲುಗೋಡೆಗಳು ಆ ದ್ವೀಪದಲ್ಲಿ ಇಂದಿಗೂ ಇವೆ.

1963ರಲ್ಲಿ ಹಡಗಿನ ಅವಶೇಷವು ಗುರುತಿಸಲ್ಪಟ್ಟಿತು. 1970ರ ದಶಕದಲ್ಲಿ ಮರದ ತೊಲೆಗಳನ್ನು ಮೇಲೆತ್ತಿದರು. ಮೇಲೆ ತಂದ ಬಳಿಕ ಕೆಲಸ ಮುಗಿಯಿತೆಂದು ನಾವು ಎಣಿಸಬಹುದು. ಹಾಗಲ್ಲ, ಅಪಾಯವು ಆಗಲೇ ಆರಂಭವಾಗುವುದು. ಬಹುಕಾಲ ನೀರಿನಲ್ಲಿದ್ದ ಮರದ ಸತ್ತ್ವವು ಕ್ರಮೇಣ ನಶಿಸಿ, ಆ ಸ್ಥಳವನ್ನು ನೀರೇ ತುಂಬಿರುತ್ತದೆ. ಆ ನೀರು ಒಮ್ಮೆಗೇ ಆರಿದರೆ ಮರವು ಕುಗ್ಗಿ, ಬಿರಿದು, ಆಕಾರಗೆಡುವುದು. ಆದುದರಿಂದ ಪಾಲಿಯೆಥಿಲೀನ್ ಗ್ಲೈಕಾಲ್ ಎಂಬ ಮೇಣದಂತಹ ಪದಾರ್ಥದ ದ್ರಾವಣದಲ್ಲಿ ಅದನ್ನು ವರುಷಗಟ್ಟಲೆ ನೆನೆಯಿಸಿ, ನೀರಿದ್ದೆಡೆಯಲ್ಲಿ ಮೇಣವು ನಿಲ್ಲುವಂತೆ ಮಾಡುತ್ತಾರೆ. ಇಷ್ಟಾದರೂ ಕಡಲಿನಲ್ಲಿ ಮರವು ಹೀರಿಕೊಂಡ ಗಂಧಕವು ಗಾಳಿಯ ಸಂಪರ್ಕದಿಂದ ಆಮ್ಲವಾಗಿ ಒಳಗಿನಿಂದಲೇ ಅದನ್ನು ಕೆಡಿಸಬಲ್ಲದು. ಆದಕಾರಣ ಕೋಣೆಯ ತೇವವನ್ನೂ ಶಾಖವನ್ನೂ ನಿತ್ಯವೂ ನೋಡಿಕೊಳ್ಳಬೇಕಾಗುವುದು.

ಇಷ್ಟು ಶ್ರಮಪಟ್ಟು ಕಾಪಾಡುವುದು ಯಾವುದನ್ನು? ಕಂಪೆನಿಯ ವೈಭವವನ್ನು ಮಾತ್ರವಲ್ಲ, ಅದರ ಸೇವಕನ ಕ್ರೌರ್ಯವನ್ನೂ ಒಬ್ಬ ಸಿಪಾಯಿಯ ನಿಷ್ಠೆಯನ್ನೂ ಆ ಮರವು ನೆನಪಿಗೆ ತರುತ್ತದೆ. ಹೆಸರುಳಿಯದ ಎಷ್ಟೋ ಕೈದಿಗಳು ಎತ್ತಿದ ಗೋಡೆಗಳು ಅದನ್ನು ಮಳೆಬಿಸಿಲಿನಿಂದ ಕಾಯುತ್ತಿವೆ. ಕೀರ್ತಿಯನ್ನಷ್ಟೇ ಉಳಿಸಿ ಕಳಂಕವನ್ನು ಮರೆಯುವುದು ಚರಿತ್ರೆಯಲ್ಲ. ಎರಡನ್ನೂ ಸಮನಾದ ತಾಳ್ಮೆಯಿಂದ ಕಾಪಾಡಬೇಕೆಂಬುದನ್ನು ಈ ಹಳೆಯ ಉಗ್ರಾಣದಿಂದ ನಾವು ಕಲಿಯಬಹುದಾಗಿದೆ.