ಮತದಾರರ ಸಂಪರ್ಕ ಮತ್ತು ಶಾಸಕರ ಮತ

ಮಸೂದೆಯೊಂದರ ಪರ ಅಥವಾ ವಿರುದ್ಧ ಮತ ನೀಡುವಂತೆ ಮತದಾರರು ಪತ್ರ, ದೂರವಾಣಿ, ಇ-ಮೇಲ್ ಇಲ್ಲವೇ ಭೇಟಿಯ ಮೂಲಕ ತಮ್ಮ ಪ್ರತಿನಿಧಿಯನ್ನು ಕೋರುವುದು ಪ್ರಜಾಪ್ರಭುತ್ವದ ಹಳೆಯ ರೂಢಿ. ಇದರ ಪರಿಣಾಮವನ್ನು ಅಳೆಯುವುದು ಸುಲಭವಲ್ಲ. ಮೊದಲೇ ಒಲವುಳ್ಳ ಶಾಸಕರಿಗೇ ಹೆಚ್ಚು ಕರೆಗಳು ಹೋಗುವುದುಂಟು. ಈ ತೊಡಕನ್ನು ನಿವಾರಿಸಲು ಅಮೆರಿಕದ ಸಂಶೋಧಕರು ಯಾರಿಗೆ ಕರೆ ಹೋಗಬೇಕೆಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸುವ ಪ್ರಯೋಗಗಳನ್ನು ನಡೆಸಿದ್ದಾರೆ. ಮಿಷಿಗನ್ ರಾಜ್ಯದಲ್ಲಿ 2011ರಲ್ಲಿ ಶಾಲಾ ಮಕ್ಕಳ ಮೇಲಿನ ಸಹಪಾಠಿಗಳ ಪೀಡನೆಯನ್ನು ತಡೆಯುವ ಮಸೂದೆಯ ಸಂದರ್ಭದಲ್ಲಿ ಡೇನಿಯಲ್ ಬರ್ಗನ್ ಮತ್ತು ರಿಚರ್ಡ್ ಕೋಲ್ ಕೈಗೊಂಡ ಅಧ್ಯಯನದ ಪ್ರಕಾರ, ಮತದಾರರ ಕರೆಗಳು ಬಂದ ಶಾಸಕರು ಅದನ್ನು ಬೆಂಬಲಿಸುವ ಸಂಭವ ಸುಮಾರು 12 ಶೇಕಡಾಂಶದಷ್ಟು ಹೆಚ್ಚಿತ್ತು. ಇದು ಒಂದೇ ರಾಜ್ಯದ, ಒಂದೇ ಮಸೂದೆಯ ಫಲಿತಾಂಶವೆಂಬುದು ಗಮನಾರ್ಹ.

ಭಾರತದಲ್ಲಿ ಸ್ಥಿತಿ ಬೇರೆ. ಸಂವಿಧಾನದ 52ನೇ ತಿದ್ದುಪಡಿ 1985ರಲ್ಲಿ ಸೇರಿಸಿದ ಹತ್ತನೇ ಅನುಸೂಚಿಯಂತೆ, ಪಕ್ಷದ ವಿಪ್ ಮೀರಿ ಮತ ನೀಡಿದ ಸಂಸದರು ಹಾಗೂ ಶಾಸಕರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಮೇಲಾಗಿ ಬಹಳಷ್ಟು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುವುದರಿಂದ, ಯಾರು ಹೇಗೆ ಮತ ನೀಡಿದರೆಂಬ ದಾಖಲೆಯೇ ಉಳಿಯುವುದಿಲ್ಲ. ಹೀಗಾಗಿ ಇಲ್ಲಿ ನಾಗರಿಕರ ಮನವಿಗೆ ಅವಕಾಶ ಹೆಚ್ಚಿರುವುದು ಮತದಾನಕ್ಕೂ ಮುಂಚಿನ ಹಂತಗಳಲ್ಲಿ: ಸಂಸತ್ತಿನ ಸ್ಥಾಯಿ ಸಮಿತಿಗಳು ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸಿದಾಗ, ಅಥವಾ ಸದನದಲ್ಲಿ ಪ್ರಶ್ನೆ ಕೇಳುವಂತೆ ಸದಸ್ಯರನ್ನು ಒತ್ತಾಯಿಸುವಾಗ.