ಗುಂಪು ಚಿತ್ರದ ಅಂಚಿನಲ್ಲಿ ನಿಂತವರು

ರಾಜ್ಯೋತ್ಸವ ಬಂದಿತೆಂದರೆ ಹೈದರಾಬಾದಿನ ಕನ್ನಡಿಗರಿಗೆ ಗುಂಪು ಚಿತ್ರದ ಕಾಲ. ಕಾಚಿಗೂಡದಲ್ಲಾಗಲಿ ಸಿಕಂದರಾಬಾದಿನಲ್ಲಾಗಲಿ, ನಡುವೆ ಮಾಲೀಕರು, ಆಚೀಚೆ ಗುಮಾಸ್ತರು, ಸಪ್ಲಾಯರುಗಳು, ಕಟ್ಟಕಡೆಗೆ ಲೋಟ ತೊಳೆಯುವವರು. ನಾವು ಹೋಟೆಲು ನಡೆಸುತ್ತಿದ್ದಾಗಿನಿಂದಲೂ ಇದೇ ಕ್ರಮ. ಊರಿನ ತಾಯಿ ಮಗನನ್ನು ಹುಡುಕುವುದು ಆ ಚಿತ್ರದಲ್ಲಿಯೇ. ಆದುದರಿಂದ ಅಂಚು ಕತ್ತರಿಸಿಹೋಗುವುದನ್ನು ಛಾಯಾಗ್ರಾಹಕರಿಗಷ್ಟೇ ಸೇರಿದ ವಿಷಯವೆಂದು ನಾವು ಎಣಿಸಲಾರೆವು.

ಸಿಕಂದರಾಬಾದಿನಲ್ಲಿ ಸ್ಟುಡಿಯೋ ನಡೆಸಿ, ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರೂ ಆಗಿದ್ದ ರಾಜಾ ದೀನ್ ದಯಾಳರು 1905ರಲ್ಲಿ ತೀರಿಕೊಂಡರು. ಅವರ ಕಾಲದ ದೊಡ್ಡ ಕ್ಯಾಮರಾದ ಹಿಂಬದಿಯ ಮಸುಕುಗಾಜಿನಲ್ಲಿ ಬಿಂಬವು ತಲೆಕೆಳಗಾಗಿ ಮೂಡುತ್ತಿತ್ತು; ಅಲ್ಲಿ ಕಂಡುದೇ ಚಿತ್ರಕ್ಕೆ ಇಳಿಯುತ್ತಿತ್ತು. ರೇಂಜ್‌ಫೈಂಡರ್ ಕ್ಯಾಮರಾ ಹಾಗಲ್ಲ. ಇದರಲ್ಲಿ ಲೆನ್ಸಿನ ಮೂಲಕ ನೋಡದೆ ಬೇರೊಂದು ಕಿಟಕಿಯ ಮೂಲಕ ನೋಡುತ್ತೇವೆ. ಲೆನ್ಸ್ ಬದಲಾದರೂ ಕಿಟಕಿಯ ನೋಟ ಬದಲಾಗದು. ಅದರೊಳಗೆ ಹೊಳೆಯುವ ಗೆರೆಗಳ ಚೌಕಟ್ಟು ಮಾತ್ರ ಬದಲಾಗುತ್ತದೆ.

2004ರಲ್ಲಿ ಎಪ್ಸನ್ ಆರ್-ಡಿ1, 2006ರಲ್ಲಿ ಲೈಕಾ ಎಂ8 ಎಂಬ ಡಿಜಿಟಲ್ ರೇಂಜ್‌ಫೈಂಡರುಗಳು ಬಂದವು. ಫಿಲ್ಮಿನ ಚಿತ್ರದ ಅಗಲ 36 ಮಿ.ಮೀ.; ಎಂ8ರ ಸೆನ್ಸರಿನದು 27 ಮಾತ್ರ. ದೋಸೆ ಅಷ್ಟೇ ದೊಡ್ಡದು, ತಟ್ಟೆ ಚಿಕ್ಕದಾಯಿತು. 36ನ್ನು 27ರಿಂದ ಭಾಗಿಸಿದರೆ 1.33, ಇದನ್ನೇ ಕ್ರಾಪ್ ಫ್ಯಾಕ್ಟರ್ ಎನ್ನುವರು. ಎಪ್ಸನ್ನಿನಲ್ಲಿ ಅದು ಸುಮಾರು 1.5.

ಲೆಕ್ಕ ಹಾಕಿ ನೋಡೋಣ. 35 ಮಿ.ಮೀ. ಲೆನ್ಸಿನೊಡನೆ ಮೂರೂವರೆ ಮೀಟರು ದೂರದಲ್ಲಿ ನಿಂತರೆ, ಫಿಲ್ಮಿಗೆ 3.6 ಮೀಟರು ಅಗಲದ ಸಾಲು ಸಿಕ್ಕುತ್ತದೆ, ಎಂ8ಕ್ಕೆ 2.7 ಮೀಟರು ಮಾತ್ರ. ಒಬ್ಬೊಬ್ಬರಿಗೆ 45 ಸೆಂಟಿಮೀಟರು ಎಂದುಕೊಂಡರೆ ಎಂಟು ಮಂದಿಯಲ್ಲಿ ಆರು ಮಂದಿ ಉಳಿದರು. ಹೋದವರು ಯಾರೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಸಾಲು ಪೂರ್ತಿ ಬೇಕಾದರೆ ಸುಮಾರು 4.7 ಮೀಟರು ದೂರಕ್ಕೆ ಹಿಂದೆ ಸರಿಯಬೇಕು. ನಮ್ಮ ಹೋಟೆಲುಗಳ ಮುಂದಿನ ರಸ್ತೆಗಳಲ್ಲಿ ಅದು ಆಟೋಗಳ ನಡುವೆ ನಿಂತಂತೆ. ಇಲ್ಲವೇ 24 ಮಿ.ಮೀ. ಲೆನ್ಸನ್ನು ಹಾಕಬೇಕು.

ಕ್ಯಾಮರಾದೊಳಗಿನ ಗೆರೆಗಳನ್ನು ಈ ಚಿಕ್ಕ ಸೆನ್ಸರಿಗೆ ಹೊಂದಿಸಿಯೇ ಮಾಡಿರುತ್ತಾರೆ. ದೂರದ ದೃಶ್ಯದಲ್ಲಿ ಗೆರೆಯಾಚೆಯದೂ ಒಂದಿಷ್ಟು ಚಿತ್ರಕ್ಕೆ ಬರುವುದುಂಟು. ಮೋಸವಾಗುವುದು ಫಿಲ್ಮಿನ ಕಾಲದ ಬಿಡಿ ವ್ಯೂಫೈಂಡರನ್ನು ಮೇಲೆ ಸಿಕ್ಕಿಸಿದಾಗ. 35 ಎಂದು ಬರೆದ ವ್ಯೂಫೈಂಡರು ಎಂಟು ಮಂದಿಯನ್ನೂ ತೋರಿಸುತ್ತದೆ, ಸೆನ್ಸರು ಆರು ಮಂದಿಯನ್ನೇ ಹಿಡಿಯುತ್ತದೆ. ಎಂ8ರ ಮೇಲೆ 21ರ ಲೆನ್ಸಿಗೆ 28ರ ವ್ಯೂಫೈಂಡರೇ ತಕ್ಕದ್ದು.

2009ರ ಎಂ9ರಲ್ಲಿ ಸೆನ್ಸರು ಫಿಲ್ಮಿನಷ್ಟೇ ದೊಡ್ಡದಾಯಿತು, ಗುಣಾಕಾರವೂ ತಪ್ಪಿತು. ನೌಕರರ ಸಂಬಳಕ್ಕೆ ಇವು ಎಟುಕುವ ವಸ್ತುಗಳಲ್ಲ. ಆದರೆ ಇವುಗಳ ಎದುರಿಗೆ ನಿಲ್ಲುವವರು ನಾವೇ ತಾನೆ? ಛಾಯಾಗ್ರಾಹಕರು ಬಿಡಿ ವ್ಯೂಫೈಂಡರನ್ನು ಸಿಕ್ಕಿಸಿಕೊಂಡಿದ್ದರೆ, ಸಾಲು ಚದುರುವ ಮುನ್ನ ಹಿಂಬದಿಯ ಪರದೆಯಲ್ಲಿ ತಲೆಗಳನ್ನು ಎಣಿಸಿರೆಂದು ಸಂಕೋಚವಿಲ್ಲದೆ ಕೇಳಬಹುದು.