ದಂಟಿನ ಬಂಡಿಯಿಂದ ಪ್ಲಾಸ್ಟಿಕ್ ಕಾರಿಗೆ

ಹಡಗಲಿ ಸೀಮೆಯ ಮಾಗಳದಲ್ಲಿ ಬೆಳೆದ ನನಗೆ ಮೊದಲ ಮಾಡೆಲ್ ಗಾಡಿ ಅಂದ್ರೆ ಜೋಳದ ದಂಟಿನ ಬಂಡಿ. ಸಿಪ್ಪೆ ಸೀಳಿ ಬೆಂಡಿಗೆ ಚುಚ್ಚಿದ್ರೆ ಮುಗೀತು. ಅಂಟು ಬೇಡ, ಪೇಂಟ್ ಬೇಡ.

ಆಮೇಲೆ ಪ್ಲಾಸ್ಟಿಕ್ ಕಾರಿನ ಕಿಟ್ ಬಂತು. ಅದರ ಹಿಂದೆನೇ ಕೆಲಸ, ಮದುವೆ, ಮಕ್ಕಳು. ಡಬ್ಬಿ ಅಟ್ಟ ಸೇರ್ತು.

ಇವತ್ತು ಇಳಿಸಿದೀನಿ. ಅಳತೆ 1:24. ಅಂದ್ರೆ 4.3 ಮೀಟರ್ ಉದ್ದದ ಅಂಬಾಸಿಡರ್ ಈ ಲೆಕ್ಕದಲ್ಲಿ ಬರೀ 18 ಸೆಂಟಿಮೀಟರ್. ಒಂದು ಗೇಣಿಗೂ ಕಡಿಮೆ!

ಬಿಡಿಭಾಗ ಮೊದಲು ಸೋಪಿನ ನೀರಲ್ಲಿ ತೊಳೀರಿ. ಅಚ್ಚಿನ ಜಿಡ್ಡು ಉಳಿದ್ರೆ ಪೇಂಟ್ ಹಿಡಿಯಲ್ಲ.

ಇನ್ನು ಅಂಟು. ಕಿಟ್ ಜೋಡಿಸೋ ತೆಳು ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ. ಎರಡು ಅಂಚು ಕರಗಿ ಒಂದಾಗ್ತವೆ, ಥೇಟ್ ವೆಲ್ಡಿಂಗ್. ಕಿಟಕಿ ಗಾಜಿಗೆ ಮಾತ್ರ ಇದೂ ಬೇಡ, ಸೂಪರ್ ಗ್ಲೂನೂ ಬೇಡ. ನಾನು ಆತುರಕ್ಕೆ ಬಿದ್ದು ಸೂಪರ್ ಗ್ಲೂ ಹಾಕಿದೆ. ಆವಿ ಕೂತು ಗಾಜೆಲ್ಲ ಮಂಜು ಮಂಜು. ಮರಗೆಲಸದ ಬಿಳಿ ಅಂಟು ಸಾಕಿತ್ತು, ಒಣಗಿದ್ರೆ ಕಾಣೋದೇ ಇಲ್ಲ.

ನಂಬರು, ಗೆರೆಗಳ ಸ್ಟಿಕ್ಕರ್ ಹಾಳೆ ಹಳದಿಗಟ್ಟಿದೆಯಾ? ಬಿಸಾಕಬೇಡಿ. ಪ್ಲಾಸ್ಟಿಕ್ ಕವರಿಗೆ ಹಾಕಿ ಕೆಲವು ದಿನ ಬಿಸಿಲು ಬೀಳೋ ಕಿಟಕಿಗೆ ಅಂಟಿಸಿ. ಹಳದಿ ನಿಧಾನಕ್ಕೆ ಇಳಿಯುತ್ತೆ.

ಹಡಗಲಿ ಸೀಮೆಯಲ್ಲಿ ಬಿಸಿಲಿಗೇನು ಬರ!